ಪಯಸ್ವಿನಿ ದಡದ ಕ್ಯಾಂಪ್: ಟೆಂಟ್ ಕಣ್ಣು ಮುಚ್ಚಿ ತಗೊಳ್ಳಿ, ಕ್ಯಾರವಾನ್ ವಿಚಾರಿಸಿ ತಗೊಳ್ಳಿ

ಕಾಸರಗೋಡು ಜಿಲ್ಲೆಯ ಚೆರ್ಕಳ-ಜಾಲ್ಸೂರು ರಸ್ತೆಯಲ್ಲಿ ಮುಳ್ಳೇರಿಯ ದಾಟಿ ಬಲಕ್ಕೆ ಇಳಿದರೆ ಈ ಕ್ಯಾಂಪ್ ಸಿಗುತ್ತದೆ. ಮೇಲೆ ಅಡಿಕೆ ತೋಟ, ಕೆಳಗೆ ಪಯಸ್ವಿನಿ ಹೊಳೆ. ತೋಟದ ಮನೆಯವರೇ ನಡೆಸುತ್ತಾರೆ. ಎಂಟು ಟೆಂಟ್ ಇದೆ, ಕ್ಯಾರವಾನ್, ಅಂದರೆ ಒಳಗೇ ಹಾಸಿಗೆ, ಟಾಯ್ಲೆಟ್ ಇರುವ ಗಾಡಿ, ನಿಲ್ಲಿಸಲು ಎರಡು ಜಾಗ ಮಾಡಿದ್ದಾರೆ. ನಾವು ಮನೆಮಂದಿಯೆಲ್ಲ ಒಟ್ಟಿಗೆ ಹೋಗಿದ್ದೆವು. ನಾನು, ನಮ್ಮ ಮನೆಯವರು, ಮಕ್ಕಳು ಟೆಂಟಿನಲ್ಲಿ. ಅತ್ತೆ, ಮಾವ ಮಾತ್ರ ಕ್ಯಾರವಾನಿನಲ್ಲಿ. ಅದನ್ನು ಮೈದುನ ಮಂಗಳೂರಿನಿಂದ ಬಾಡಿಗೆಗೆ ತಂದಿದ್ದ. ಹಾಗಾಗಿ ಎರಡೂ ನೋಡಿ ಬರೆಯುತ್ತಿದ್ದೇನೆ.

ಹೊರಡುವ ಮೊದಲು ಮಾವ ಒಂದು ಮಾತು ಕೇಳಿದ್ದರು. "ಹೊಳೆ ಬದಿಯಲ್ಲೇ ಹುಟ್ಟಿದವರು ನಾವು, ದುಡ್ಡು ಕೊಟ್ಟು ಹೊಳೆ ಬದಿಯಲ್ಲಿ ಮಲಗುದು ಯಾಕೆ?" ಕಾಸರಗೋಡಿನ ಬಹಳ ಮನೆಗಳಲ್ಲಿ ಈ ಪ್ರಶ್ನೆ ಬರುತ್ತದೆ ಅಲ್ವಾ. ನನ್ನ ಉತ್ತರ ಇಷ್ಟೆ. ಮನೆಯಲ್ಲಿದ್ದಾಗ ಹೊಳೆ ಅಂದರೆ ನಮಗೆ ಪಂಪ್‌ಸೆಟ್, ತೋಟದ ಸ್ಪ್ರಿಂಕ್ಲರ್, ಬೇಸಿಗೆಯಲ್ಲಿ ನೀರು ನಿಲ್ಲಿಸಲು ಕಟ್ಟ ಹಾಕುವ ಕೆಲಸ. ಸುಮ್ನೆ ಕೂತು ಅದನ್ನು ನೋಡಿದವರು ಎಷ್ಟು ಜನ? ಇಲ್ಲಿ ಬೇರೆ ಕೆಲಸವೇ ಇಲ್ಲ.

ಮೊದಲು ಟೆಂಟಿನ ವಿಷಯ. ನಮ್ಮ ಕಡೆಯ ನೆಲ ಮುರಕಲ್ಲಿನದು, ಗೂಟ ಇಳಿಯುವುದಿಲ್ಲ. ಸುತ್ತಿಗೆಯಲ್ಲಿ ಹೊಡೆದರೆ ಗೂಟವೇ ಬಗ್ಗುತ್ತದೆ. ಇವರು ಅದಕ್ಕೆ ಸರಿಯಾದ ದಾರಿ ಕಂಡುಕೊಂಡಿದ್ದಾರೆ. ಅಡಿಕೆ ಮರ ಸೀಳಿ ಮಾಡಿದ ಸಲಾಕೆಗಳನ್ನು ಒತ್ತೊತ್ತಾಗಿ ಜೋಡಿಸಿ, ನೆಲದಿಂದ ಮೊಣಕಾಲೆತ್ತರಕ್ಕೆ ಅಟ್ಟ ಕಟ್ಟಿದ್ದಾರೆ. ಟೆಂಟ್ ಅದರ ಮೇಲೆ. ಹಗ್ಗಗಳನ್ನು ಅಟ್ಟದ ಅಂಚಿಗೆ ಹೊಡೆದ ಕಬ್ಬಿಣದ ಬಳೆಗಳಿಗೆ ಕಟ್ಟುತ್ತಾರೆ. ಅಡಿಯಲ್ಲಿ ಗಾಳಿ ಆಡುತ್ತದೆ, ಥಂಡಿ ಹತ್ತುವುದಿಲ್ಲ, ಚೇಳು, ಹಾವಿನ ಹೆದರಿಕೆಯೂ ಕಮ್ಮಿ. ಸಲಾಕೆಯ ಸಿಬಿರು ಚುಚ್ಚದ ಹಾಗೆ ಮೇಲೆ ದಪ್ಪ ಚಾಪೆ ಹಾಸಿದ್ದಾರೆ. ಅಂಚನ್ನು ಕೈಯಿಂದ ಸವರಿ ನೋಡಿದೆ, ಎಲ್ಲ ಕಡೆ ಉಜ್ಜಿ ನಯ ಮಾಡಿದ್ದಾರೆ.

ನನಗೆ ಇನ್ನೂ ಖುಷಿಯಾದದ್ದು ಒಂದೇ ಒಂದು ಟೆಂಟನ್ನೂ ತೆಂಗಿನ ಮರದ ಅಡಿಯಲ್ಲಿ ಹಾಕದೇ ಇರುವುದು. ಫೋಟೋಕ್ಕೆ ಚಂದ ಅಂತ ತೆಂಗಿನ ನೆರಳಲ್ಲಿ ಟೆಂಟ್ ಹಾಕುವ ಜಾಗಗಳನ್ನು ನೋಡಿದ್ದೇನೆ. ರಾತ್ರಿ ಒಂದು ಒಣ ಮಡಲು ಬಿದ್ದರೆ ಸಾಕು, ಕಾಯಿ ಬೀಳುವುದೇ ಬೇಡ. ತೋಟ ಗೊತ್ತಿರುವವರು ನಡೆಸಿದರೆ ಮಾತ್ರ ಇಂಥ ವಿಷಯ ತಲೆಗೆ ಹೊಳೆಯುತ್ತದೆ.

ಚಳಿಗಾಲದಲ್ಲಿ ಹೊಳೆ ಬದಿ ಮಂಜು ಜೋರು. ಬೆಳಗ್ಗೆ ಟೆಂಟಿನ ಮೇಲಿನ ಹೊದಿಕೆ ತೊಯ್ದು ತೊಪ್ಪೆಯಾಗಿರುತ್ತದೆ. ಚಳಿ ಅಂತ ಎಲ್ಲ ಜಿಪ್ ಎಳೆದು ಮಲಗಬೇಡಿ. ನಮ್ಮ ಉಸಿರಿನ ಹಬೆಯೇ ಒಳಗಡೆ ನೀರಾಗಿ ತೊಟ್ಟಿಕ್ಕುತ್ತದೆ. ಮೇಲಿನ ಬಲೆ ಕಿಟಕಿ ತೆರೆದಿಡಿ, ಕಂಬಳಿ ಇನ್ನೊಂದು ಕೇಳಿ ತಗೊಳ್ಳಿ. ಕೊಡ್ತಾರೆ.

ಈಗ ಹೊಳೆ. ನಾನು ಈ ಕ್ಯಾಂಪಿಗೆ ಐದಕ್ಕೆ ಐದು ಕೊಡುವುದು ಇದೊಂದೇ ಕಾರಣಕ್ಕೆ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸುಳ್ಯ ದಾಟಿ, ಕೊನೆಗೆ ಚಂದ್ರಗಿರಿ ಅಂತ ಕರೆಸಿಕೊಂಡು ಕಡಲು ಸೇರುವ ನದಿ ಇದು. ಇಲ್ಲಿ ಒಂದು ಹನಿ ಮಳೆ ಇಲ್ಲದಿದ್ದರೂ ಘಟ್ಟದಲ್ಲಿ ಸುರಿದರೆ ನೀರು ಏರುತ್ತದೆ. ಅದಕ್ಕೇ ಜೂನಿನಿಂದ ನವೆಂಬರ್ ಅರ್ಧದವರೆಗೆ ಕ್ಯಾಂಪ್ ಮುಚ್ಚಿರುತ್ತಾರೆ. ಎಷ್ಟು ದುಡ್ಡು ಕೊಡುತ್ತೇನೆ ಅಂದರೂ ತೆರೆಯುವುದಿಲ್ಲ. ಉಳಿದ ಸಮಯದಲ್ಲೂ ನೀರಿಗಿಳಿಯಲು ಒಂದೇ ಜಾಗ. ಅಲ್ಲಿ ಹಗ್ಗ ಕಟ್ಟಿ ಕೆಂಪು ಡಬ್ಬಗಳನ್ನು ತೇಲಿಬಿಟ್ಟಿದ್ದಾರೆ. ಹಗ್ಗದಿಂದ ಆಚೆ ಕಯ, ಅಂದರೆ ಆಳದ ಗುಂಡಿ. ಮಕ್ಕಳಿಗೆ ಲೈಫ್ ಜಾಕೆಟ್ ಹಾಕದೆ ಕಾಲು ತೋಯಿಸಲೂ ಬಿಡಲಿಲ್ಲ. ಮನೆಯ ಅಣ್ಣ ಒಬ್ಬರು ಅಲ್ಲೇ ಬಂಡೆಯ ಮೇಲೆ ಕೂತಿರುತ್ತಾರೆ, ಅವರ ಕೈಯಲ್ಲಿ ಮೊಬೈಲ್ ನೋಡಲಿಲ್ಲ ನಾನು. ಸಂಜೆ ಕತ್ತಲಾಗುವ ಮೊದಲೇ ಎಲ್ಲರೂ ಮೇಲೆ. ಪಕ್ಕದ ಟೆಂಟಿನ ಹುಡುಗರು ಗಲಾಟೆ ಮಾಡಿದರು, ಇವರು ಜಗ್ಗಲಿಲ್ಲ.

ಎದುರಿನ ಮರಳ ದಿಬ್ಬಕ್ಕೆ ಯಾರನ್ನೂ ಬಿಡುವುದಿಲ್ಲ. ಅಲ್ಲಿ ಕುರ್ಚಿ ಹಾಕಿ ಬೆಂಕಿ ಹಾಕಿದರೆ ಫೋಟೋ ಎಷ್ಟು ಚಂದ ಬರುತ್ತಿತ್ತು ಅಂತ ನಿಮಗೂ ಅನಿಸಬಹುದು. ಕಾರಣ ಕೇಳಿ. ಈ ನದಿಯಲ್ಲಿ ಭೀಮನಾಮೆ ಇದೆ. ಮೆದು ಚಿಪ್ಪಿನ ದೊಡ್ಡ ಆಮೆ, ನೂರು ಕಿಲೋವರೆಗೂ ತೂಗಬಲ್ಲದು. ದಿನದ ಹೆಚ್ಚಿನ ಹೊತ್ತು ನೀರಿನಡಿಯ ಮರಳಲ್ಲಿ ಹೂತುಕೊಂಡು, ಅಲ್ಲಾಡದೆ ಬಿದ್ದಿರುತ್ತದೆ. ಮೊಟ್ಟೆಯಿಡುವುದು ದಡದ ಮರಳಲ್ಲಿ. ಜಗತ್ತಿನಲ್ಲೇ ಅಪರೂಪವಾಗಿಬಿಟ್ಟಿರುವ ಜೀವ ಅದು. 2023ರಲ್ಲಿ ನಮ್ಮ ಜಿಲ್ಲೆ ತನ್ನದೇ ಮರ, ಹೂ, ಹಕ್ಕಿ, ಪ್ರಾಣಿ ಅಂತ ಘೋಷಿಸಿತಲ್ಲ, ಆಗ ಕಾಸರಕ ಮರ, ಬಿಳಿ ಹೊಟ್ಟೆಯ ಕಡಲ ಹದ್ದಿನ ಜೊತೆ ಈ ಆಮೆಗೂ ಜಾಗ ಸಿಕ್ಕಿತು. ಸಂಶೋಧಕರು ಊರವರ ಸಹಾಯದಿಂದ ಚಂದ್ರಗಿರಿ ದಡದಲ್ಲಿ ಗೂಡು ಹುಡುಕಿ, ನೀರು ನುಗ್ಗಿದ ಗೂಡುಗಳ ಮೊಟ್ಟೆ ತೆಗೆದು ಮರಿ ಮಾಡಿಸಿ ಹೊಳೆಗೆ ಬಿಟ್ಟಿದ್ದಾರೆ. ಹೀಗಿರುವಾಗ ಆ ಮರಳನ್ನು ತುಳಿಯಲು ಬಿಡದೇ ಇರುವುದೇ ಸರಿ. ನಮಗೆ ಆಮೆ ಕಾಣಲಿಲ್ಲ. ಕಾಣಿಸುತ್ತೇವೆ ಅಂತ ಇವರು ಹೇಳಿಕೊಳ್ಳುವುದೂ ಇಲ್ಲ. ಹೊಳೆ ಬದಿಯ ದೀಪಗಳಿಗೆಲ್ಲ ತೆಂಗಿನ ಗೆರಟೆಯ ಮುಚ್ಚಳ ಹಾಕಿ ಬೆಳಕು ಕೆಳಗೆ ಮಾತ್ರ ಬೀಳುವ ಹಾಗೆ ಮಾಡಿದ್ದಾರೆ. ಹಾಡು, ಡಿಜೆ ಯಾವುದೂ ಇಲ್ಲ. ಅದು ಬೇಕಾದವರು ಬೇರೆ ಕಡೆ ಹೋಗಿ, ದಯವಿಟ್ಟು.

ಕುಡಿಯುವ ನೀರು ಸುರಂಗದ್ದು. ಮೇಲಿನ ಗುಡ್ಡದಲ್ಲಿ ಆಳೆತ್ತರಕ್ಕೆ ಅಡ್ಡ ಕೊರೆದ ಹಳೆಯ ಸುರಂಗದಿಂದ ಪೈಪಿನಲ್ಲಿ ತಾನಾಗಿಯೇ ಇಳಿದು ಬರುತ್ತದೆ, ಮೋಟಾರು ಬೇಡ. ತಣ್ಣಗೆ, ರುಚಿಯಾಗಿದೆ. ಪ್ಲಾಸ್ಟಿಕ್ ಬಾಟಲಿ ಹೊತ್ತುಕೊಂಡು ಹೋಗಬೇಡಿ.

ಊಟ ಮನೆ ಊಟ. ರಾತ್ರಿ ಕುಚ್ಚಲಕ್ಕಿ ಗಂಜಿ, ಹೆಸರು ಕಾಳಿನ ಪಲ್ಯ, ಸುಟ್ಟ ಮೆಣಸಿನ ಚಟ್ನಿ. ಬೇಕಾದವರಿಗೆ ಮೀನು ಸಾರು, ಮರಗೆಣಸು. ಬೆಳಗ್ಗೆ ನೀರುದೋಸೆ. ಚಹಾ ಮಾತ್ರ ಸಪ್ಪೆ, ಕಟ್ಟನ್ (ಹಾಲಿಲ್ಲದ ಚಹಾ) ಕೇಳಿ.

ಕ್ಯಾರವಾನ್ ವಿಷಯಕ್ಕೆ ಬರುತ್ತೇನೆ. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸದ ಯೋಜನೆ ತಂದ ಮೇಲೆ ಎಲ್ಲರಿಗೂ ಅದರ ಆಸೆ. ಆದರೆ ಮುಖ್ಯರಸ್ತೆ ಬಿಟ್ಟ ಮೇಲೆ ಇಲ್ಲಿಗೆ ಬರುವ ದಾರಿ ಒಂದು ಜೀಪಿನಷ್ಟೇ ಅಗಲ. ಹಲಸಿನ ಕೊಂಬೆ ಗಾಡಿಯ ಮಾಡಿಗೆ ಉಜ್ಜುತ್ತದೆ. ನಿಲ್ಲಿಸುವ ಜಾಗ ಸ್ವಲ್ಪ ಇಳಿಜಾರು. ಚಕ್ರದಡಿ ಹಲಗೆ ಕೊಟ್ಟರೂ ಅತ್ತೆಗೆ ಮಲಗಿದರೆ ಜಾರಿದ ಹಾಗೆ ಆಗುತ್ತಿತ್ತಂತೆ. ರಾತ್ರಿ ಕರೆಂಟ್ ಹೋಯಿತು. ಜನರೇಟರ್ ಶುರುವಾದದ್ದೇ ತಡ, ಹೊಳೆಯ ಸದ್ದೇ ಇಲ್ಲ. ಟೆಂಟಿನಲ್ಲಿದ್ದ ನಮಗೂ ನಿದ್ದೆ ಹಾಳು. "ಬಾಗಿಲು ಹಾಕಿ ಏಸಿ ಹಾಕಿದ್ರೆ ಎಲ್ಲಿದ್ದೇವೆ ಅಂತ್ಲೇ ಗೊತ್ತಾಗುದಿಲ್ಲ ಮಾರಾಯ್ತಿ" ಅಂದರು ಮಾವ. ಆದರೆ ಅವರಿಗೆ ಮಂಡಿ ನೋವು. ರಾತ್ರಿ ಎದ್ದರೆ ಎರಡು ಹೆಜ್ಜೆಯಲ್ಲಿ ಟಾಯ್ಲೆಟ್ ಸಿಗುವುದು ದೊಡ್ಡ ಸಮಾಧಾನ. ಟೆಂಟಿನವರಿಗೆ ಟಾಯ್ಲೆಟ್ ತೋಟದ ಮೇಲೆ, ಮೂವತ್ತು ಮೆಟ್ಟಿಲು ಹತ್ತಬೇಕು. ಟಾಯ್ಲೆಟ್ ಸ್ವಚ್ಛ ಇದೆ, ಮೆಟ್ಟಿಲು ಮಾತ್ರ ಪಾಚಿ ಹಿಡಿದಿದೆ. ಹಿರಿಯರಿದ್ದರೆ ಕ್ಯಾರವಾನ್ ತನ್ನಿ, ಇಲ್ಲದಿದ್ದರೆ ಆ ದುಡ್ಡಿಗೆ ಟೆಂಟಿನಲ್ಲಿ ಇನ್ನೊಂದು ರಾತ್ರಿ ಇರಿ. ಟೆಂಟಿಗೆ ಊಟ ಸೇರಿ ತಲೆಗೆ 1,200 ರೂಪಾಯಿ. ಕ್ಯಾರವಾನ್ ನಿಲ್ಲಿಸಲು 1,500, ಗಾಡಿಯ ಬಾಡಿಗೆ ಬೇರೆ.

ಆನೆ ಬರುತ್ತದಾ ಅಂತ ತುಂಬ ಜನ ಕೇಳುತ್ತಾರೆ. ದೇಲಂಪಾಡಿ, ಕಾರಡ್ಕ, ಮುಳಿಯಾರು ಕಡೆ ಆನೆ ಕಾಟ ಇರುವುದು ಎಲ್ಲರಿಗೂ ಗೊತ್ತಿರುವ ವಿಷಯ. ಇವರು ತೋಟಕ್ಕೆ ಸೋಲಾರ್ ಬೇಲಿ ಹಾಕಿದ್ದಾರೆ. ಆನೆ ಸುಳಿವಿದ್ದರೆ ಬುಕಿಂಗ್ ರದ್ದು ಮಾಡಿ ಪೂರ್ತಿ ದುಡ್ಡು ವಾಪಸ್ ಕೊಡುತ್ತಾರೆ. ನಾವು ಹೋಗುವ ಹಿಂದಿನ ವಾರ ಹಾಗೆ ಮಾಡಿದ್ದರಂತೆ. ಹಣ್ಣು, ಉಪ್ಪು ಏನನ್ನೂ ಟೆಂಟಿನೊಳಗೆ ಇಟ್ಟುಕೊಳ್ಳಬೇಡಿ, ಅಡುಗೆಮನೆಯಲ್ಲಿ ಕೊಟ್ಟುಬಿಡಿ.

ಹೋಗುವುದಾದರೆ ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಏಪ್ರಿಲ್‌ನಲ್ಲಿ ನೀರು ಬಂಡೆಗಳ ಸಂದಿಗೆ ಇಳಿದುಬಿಡುತ್ತದೆ. ಹೊಳೆಗೆ ಹತ್ತಿರದ ಟೆಂಟಿಗಿಂತ ಕೊನೆಯ ಹಲಸಿನ ಮರದ ಪಕ್ಕದ್ದು ಕೇಳಿ, ಜನರೇಟರಿಗೆ ಅದೇ ದೂರ. ಜನರೇಟರನ್ನು ತೋಟದ ಆಚೆ ಬದಿಗೆ ಹಾಕಿಸಿ, ಮೆಟ್ಟಿಲಿಗೆ ಕೈಹಿಡಿ ಕೊಡಿ ಅಂತ ನಾವು ಹೇಳಿ ಬಂದಿದ್ದೇವೆ. ಹೋದವರು ನೀವೂ ಹೇಳಿ. ನಾಲ್ಕು ಜನ ಹೇಳಿದರೆ ಮಾಡಿಸುವ ಜನ ಅವರು.