ಹಳೇ ನಿಕ್ಕೋರ್ ಲೆನ್ಸ್ ಸಿಕ್ಕಿದ್ರೆ ಸೀದಾ ಕ್ಯಾಮೆರಾಗೆ ಹಾಕ್ಬೇಡಿ, ನನ್ನ ನಿಕಾನ್ ಡಿ7200 ಹಾಳಾಯ್ತು

ಸಿರ್ಸಿಯ ಸೋದರಮಾವನ ಮನೆ ಅಟ್ಟ ಕ್ಲೀನ್ ಮಾಡುವಾಗ ಒಂದು ಟ್ರಂಕಲ್ಲಿ ನಿಕಾನ್ ಕಂಪನಿಯದೇ ಹಳೇ ನಿಕ್ಕೋರ್-ಕ್ಯೂ 135 ಎಂಎಂ ಎಫ್/2.8 ಲೆನ್ಸ್ ಸಿಕ್ತು. ಅಲ್ಲಿಯ ಮಳೆಗೆ ಫಂಗಸ್ ಹಿಡಿದೇ ಇರ್ತದೆ ಅಂತ ಟಾರ್ಚ್ ಬಿಟ್ಟು ನೋಡಿದೆ, ಗ್ಲಾಸ್ ಪೂರಾ ಕ್ಲೀನ್. ಮಾವ "ತಗಂಡ್ಹೋಗು ತಮಾ, ನಿಂಗಾರೂ ಉಪಯೋಗಕ್ಕೆ ಬರ್ಲಿ" ಅಂದ್ರು.

ಕಾರವಾರಕ್ಕೆ ಬಂದವನು ಮೊದಲು ದೋಸ್ತನ ನಿಕಾನ್ ಡಿ5300ಗೆ ಹಾಕಿ ಟಾಗೋರ್ ಬೀಚಲ್ಲಿ ಟೆಸ್ಟ್ ಮಾಡಿದೆ. ಬೆಳಕು ಅಳೆಯೋ ಮೀಟರ್ ಬರೋದಿಲ್ಲ, ಎಂ (ಮ್ಯಾನ್ಯುಯಲ್) ಮೋಡಲ್ಲಿ ಅಂದಾಜಿಗೆ ಶಟರ್ ಸ್ಪೀಡ್ ಇಟ್ಟು ತೆಗೀಬೇಕು, ಆದ್ರೂ ದೂರದ ದೋಣಿಗಳು ಎಷ್ಟು ಶಾರ್ಪ್ ಬಂದ್ವು ಅಂದ್ರೆ ಇಬ್ಬರಿಗೂ ಖುಷಿಯೋ ಖುಷಿ. ನಾನು ಎಡವಿದ್ದೇ ಇಲ್ಲಿ. ಕಡಿಮೆ ಬೆಲೆಯ ಕ್ಯಾಮೆರಾಗೇ ಕೂತದ್ದು ನನ್ನ ಡಿ7200ಗೆ ಕೂರದೇ ಇರ್ತದಾ ಅಂದ್ಕೊಂಡೆ, ಲೆನ್ಸ್ ಕೂರೋ ನಿಕಾನ್ ಎಫ್ ಮೌಂಟ್ 1959ರಿಂದ ಒಂದೇ ಅಂತ ಎಲ್ಲರೂ ಹೇಳ್ತಾರಲ್ಲ. ಮೆನುವಿನಲ್ಲಿ ನಾನ್-ಸಿಪಿಯು (ಚಿಪ್ ಇಲ್ಲದ) ಲೆನ್ಸ್ ಡೇಟಾಗೆ ಹೋಗಿ 135, 2.8 ಅಂತ ತುಂಬಿಸಿಯೂ ಇಟ್ಟೆ.

ಕುಮಟಾ ಹತ್ರ ರಾತ್ರಿ ಯಕ್ಷಗಾನದ ಆಟ ಇತ್ತು. ಚಂಡೆ ಶುರುವಾಗಿ ವೇಷ ರಂಗಕ್ಕೆ ಬರೋ ಹೊತ್ತಿಗೆ ಕತ್ತಲಲ್ಲೇ ಲೆನ್ಸ್ ಬದಲಿಸಿದೆ. ಅರ್ಧ ತಿರುಗಿ ಬಿಗಿ ಆಯ್ತು. ಹಳೇ ಲೆನ್ಸು, ಗ್ರೀಸ್ ಒಣಗಿರ್ಬೇಕು ಅಂತ ಸ್ವಲ್ಪ ಜೋರು ಹಾಕಿ ತಿರುಗಿಸಿದೆ, ಕಟ್ ಅಂತ ಸಣ್ಣ ಸದ್ದು, ಆಮೇಲೆ ಸಲೀಸಾಗಿ ಕೂತ್ಕೊಂಡ್ತು. ಆ ಸದ್ದು ಏನಂತ ಗೊತ್ತಾಗಿದ್ದು ಮರುದಿನ ಬೆಳಿಗ್ಗೆ ನನ್ನ 50 ಎಂಎಂ ಎಐ-ಎಸ್ ಲೆನ್ಸ್ (ಈ ಎಐ ಅಂದ್ರೇನಂತ ಕೆಳಗೆ ಹೇಳ್ತೇನೆ) ಹಾಕಿದಾಗ. ಲೆನ್ಸಿನ ಅಪರ್ಚರ್ ರಿಂಗ್ (ಬೆಳಕು ಬರೋ ಕಂಡಿ ದೊಡ್ಡದು ಸಣ್ಣದು ಮಾಡೋ ಬಳೆ) ಎಷ್ಟು ತಿರುಗಿಸಿದ್ರೂ ಸ್ಕ್ರೀನ್ ಮೇಲಿನ ಎಫ್ ನಂಬರ್ ಅಲ್ಲಾಡ್ತಾ ಇಲ್ಲ.

ವಿಷಯ ಏನಂದ್ರೆ, ಡಿ7200ರಂಥ ಬಾಡಿಯ ಮೌಂಟ್ ಸುತ್ತ ಒಂದು ರಿಂಗ್ ಅದೆ, ಅದಕ್ಕೆ ಉಗುರಿನ ತುದಿಯಷ್ಟು ಸಣ್ಣ ನಾಲಿಗೆ ಅದೆ. 1977ರಲ್ಲಿ ಬಂದ ಎಐ ಲೆನ್ಸುಗಳ (ಈಗಿನ ಕೃತಕ ಬುದ್ಧಿಮತ್ತೆ ಅಲ್ಲ, ಅಪರ್ಚರ್ ಇಂಡೆಕ್ಸಿಂಗ್ ಪದ್ಧತಿಯ ಹೆಸರು) ಅಪರ್ಚರ್ ರಿಂಗಿನ ಹಿಂಬದಿ ಅಂಚನ್ನ ಒಂದು ಕಡೆ ಕೆತ್ತಿ ತಗ್ಗು ಮಾಡಿರ್ತಾರೆ, ಆ ಮೆಟ್ಟಿಲು ನಾಲಿಗೆಯನ್ನ ತಳ್ಳಿ ಅಪರ್ಚರ್ ಎಷ್ಟು ಮುಚ್ಚಿದೆ ಅಂತ ಕ್ಯಾಮೆರಾಗೆ ತಿಳಿಸ್ತದೆ. ಅದಕ್ಕೂ ಹಿಂದಿನ ಲೆನ್ಸಿಗೆ (ಇವೇ ನಾನ್-ಎಐ) ಈ ತಗ್ಗೇ ಇಲ್ಲ, ಅಂಚು ಪೂರ್ತಿ ಹಾಗೇ ಇರ್ತದೆ, ಸೀದಾ ಹೋಗಿ ನಾಲಿಗೆ ಮೇಲೇ ಒತ್ತಿ ಮುರೀತದೆ. ಡಿ3000, ಡಿ5000 ಸರಣಿಯಲ್ಲಿ, ಡಿ7500ರಲ್ಲೂ, ಆ ನಾಲಿಗೆಯೇ ಇಲ್ಲ. ಡಿ7000, 7100, 7200, 610, 750, 810, 850 ಇದ್ದವರು ದಯವಿಟ್ಟು ಹುಷಾರು. ನಿಕಾನ್ ಡಿಜಿಟಲ್ ಎಸ್ಎಲ್ಆರ್‌ಗಳಲ್ಲಿ ಡಿಎಫ್ ಒಂದರಲ್ಲಿ ಮಾತ್ರ ನಾಲಿಗೆ ಮೇಲೆ ಮಡಚೋಕೆ ಬರ್ತದೆ. ಡಿ7200 ಮ್ಯಾನ್ಯುಯಲಲ್ಲಿ ನಾನ್-ಎಐ ಲೆನ್ಸ್ ಹಾಕಬಾರದು ಅಂತ ಬರೆದೇ ಇದೆ, ನಾನು ಓದಿದ್ದು ಮುರಿದ ಮೇಲೆ.

ಗುರುತಿಸೋದು ಹೇಗೆ? ಅಪರ್ಚರ್ ರಿಂಗಲ್ಲಿ ಎಫ್ ನಂಬರು ಎರಡು ಸಾಲು, ಅಂದ್ರೆ ದೊಡ್ಡದೊಂದು ಸಾಲು, ಮೌಂಟ್ ಕಡೆ ಅಂಚಲ್ಲಿ ಚಿಕ್ಕದೊಂದು ಸಾಲು ಇದ್ರೆ ಎಐ. ಒಂದೇ ಸಾಲು, ರಿಂಗಿನ ಮೇಲೆ ಎದ್ದು ನಿಂತ ಲೋಹದ ಕಿವಿಯಲ್ಲಿ ತೂತೂ ಇಲ್ಲ ಅಂದ್ರೆ ನಾನ್-ಎಐ ಅಂತಲೇ ತಿಳ್ಕೊಳ್ಳಿ. ನಿಕ್ಕೋರ್-ಕ್ಯೂ, -ಎಚ್, -ಎಸ್, -ಪಿ ಅಂತ ಅಕ್ಷರ ಇದ್ದವು ಎಲ್ಲ 1977ಕ್ಕಿಂತ ಹಳೇವು, ಆದ್ರೆ ಅಕ್ಷರ ಇಲ್ಲ ಅಂತ ಧೈರ್ಯ ಮಾಡ್ಬೇಡಿ, ಅದರಲ್ಲೂ ನಾನ್-ಎಐ ಅದೆ. ಕೆಲವಕ್ಕೆ ಆಮೇಲೆ ರಿಂಗ್ ಬದಲಿಸಿಯೋ ಅರೆದೋ ಎಐ ಮಾಡಿರ್ತಾರೆ, ಹಾಗಾಗಿ ಕೊನೆಗೆ ಹಿಂಬದಿ ಅಂಚನ್ನೇ ಕಣ್ಣಾರೆ ನೋಡ್ಬೇಕು.

ಈಗ ಬಾಡಿ ರಿಪೇರಿಗೆ ಹೋಗಿದೆ, ಮುಂಭಾಗ ಪೂರಾ ಬಿಚ್ಚಬೇಕಂತೆ. ಮಾವನ ಲೆನ್ಸಿಗೆ ಏನೂ ಆಗಿಲ್ಲ. ಅದನ್ನ ತಂಗಿಯ ಸೋನಿ ಮಿರರ್‌ಲೆಸ್‌ಗೆ ಅಡಾಪ್ಟರ್ ಹಾಕಿ ಬಳಸ್ತಾ ಇದ್ದೇನೆ, ಅಲ್ಲಿ ಈ ನಾಲಿಗೆ ಕಾಟವೇ ಇಲ್ಲ, ಮೌಂಟಿಂದ ಸೆನ್ಸರಿಗೆ ಎಫ್ ಮೌಂಟಲ್ಲಿ 46.5 ಎಂಎಂ, ಸೋನಿಯಲ್ಲಿ 18 ಎಂಎಂ ದೂರ, ಆದ್ದರಿಂದ ನಡುವೆ ಗ್ಲಾಸ್ ಇಲ್ಲದ ಖಾಲಿ ಕೊಳವೆ ಸಾಕು, ಇನ್ಫಿನಿಟಿ (ಬಹಳ ದೂರದ) ಫೋಕಸ್ ಸರಿ ಬರ್ತದೆ.

ಮನೇಲಿ ಇಂಥ ಲೆನ್ಸ್ ಇದ್ದು ಯಾವುದಂತ ಗೊತ್ತಾಗದಿದ್ರೆ ಹಿಂಬದಿಯ ಫೋಟೋ ತೆಗೆದು ನಂಗೆ ಕಳ್ಸಿ ಮಾರಾಯ್ರೆ, ನೋಡಿ ಹೇಳ್ತೇನೆ, ಅಲ್ಲಿವರೆಗೆ ಕ್ಯಾಮೆರಾಗೆ ತಾಗಿಸ್ಬೇಡಿ.