ಹೊಸ ಎಲ್‌ಎಂಎಸ್‌ಗೆ ಹೋಗ್ತಿದ್ದೀರಾ? ಹಳೆಯದನ್ನು ಬೇಗ ಮುಚ್ಚಬೇಡಿ

ನಿಮ್ಮ ಕಾಲೇಜು ಎಲ್‌ಎಂಎಸ್ (ಪಾಠ, ಅಸೈನ್‌ಮೆಂಟ್, ಅಂಕಗಳನ್ನೆಲ್ಲ ಆನ್‌ಲೈನ್‌ನಲ್ಲಿ ನಡೆಸುವ ವ್ಯವಸ್ಥೆ) ಬದಲಾಯಿಸುವ ಯೋಚನೆಯಲ್ಲಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಕಳೆದ ರಜೆಯಲ್ಲಿ ನಾವು ಮೂಡಲ್ ಎಂಬ ಎಲ್‌ಎಂಎಸ್ ಬಿಟ್ಟು ಬೇರೊಂದಕ್ಕೆ ಹೋದೆವು. ಕೋರ್ಸ್‌ಗಳನ್ನು ಸಾಗಿಸುವ ಜವಾಬ್ದಾರಿ ನನ್ನದು. ಪಾಠಗಳೆಲ್ಲ ಬಂದವು. ಮಕ್ಕಳು ಮಾಡಿದ ಕೆಲಸ ಬರಲಿಲ್ಲ.

ತರಗತಿ ಶುರುವಾದ ಮೂರನೇ ದಿನ ಕೊನೆ ವರ್ಷದ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ಹಿಡಿದು ಬಂದಳು. "ಸರ್, ನನ್ನ ಪ್ರಾಜೆಕ್ಟ್ ಡ್ರಾಫ್ಟ್ ಮೇಲೆ ಮೇಡಂ ಬರೆದಿದ್ದ ಕಾಮೆಂಟ್ ಎಲ್ಲಿ ಹೋಯ್ತು?" ಎಂದಳು. ತೆರೆದು ನೋಡಿದೆ. ಅಸೈನ್‌ಮೆಂಟ್ ಹೆಸರಿತ್ತು, ಸೂಚನೆಗಳಿದ್ದವು. ಕೆಳಗೆ 'ಇನ್ನೂ ಸಲ್ಲಿಸಿಲ್ಲ' ಅಂತಿತ್ತು. ಅವಳ ಫೈಲಿಲ್ಲ, ಅಂಕವಿಲ್ಲ, ಮೇಡಂ ಬರೆದಿದ್ದ ಒಂದು ಸಾಲೂ ಇಲ್ಲ. ಅಷ್ಟರಲ್ಲಿ ಹಳೆಯ ಸರ್ವರ್ ಅಳಿಸಿ 11 ದಿನ ಆಗಿತ್ತು.

ಬ್ಯಾಕಪ್ ಇದೆಯಲ್ಲ ಅಂತ ನಾನು ಧೈರ್ಯವಾಗಿದ್ದೆ. ಪ್ರತಿ ಮೇಷ್ಟ್ರೂ ತಮ್ಮ ಕೋರ್ಸಿನ ಎಂಬಿಝಡ್ ಫೈಲ್ (ಮೂಡಲ್‌ನ ಬ್ಯಾಕಪ್ ಫೈಲ್) ತೆಗೆದು ಕೊಟ್ಟಿದ್ದರು. ಆ ರಾತ್ರಿಯೇ ಬೇರೊಂದು ಮೂಡಲ್ ಹಾಕಿ ರಿಸ್ಟೋರ್ ಮಾಡಿದೆ. ಒಬ್ಬ ವಿದ್ಯಾರ್ಥಿಯೂ ಅದರಲ್ಲಿರಲಿಲ್ಲ. ಆಮೇಲೆ ಗೊತ್ತಾಯಿತು: ಮೂಡಲ್‌ನಲ್ಲಿ ಟೀಚರ್ ಲಾಗಿನ್‌ನಿಂದ ತೆಗೆದ ಬ್ಯಾಕಪ್‌ನಲ್ಲಿ ಸಾಮಾನ್ಯವಾಗಿ ಬಳಕೆದಾರರ ಮಾಹಿತಿ ಸೇರುವುದೇ ಇಲ್ಲ. ಅದಕ್ಕೆ ಮ್ಯಾನೇಜರ್ ಅಥವಾ ಅಡ್ಮಿನ್ ಲಾಗಿನ್ ಬೇಕು, ಅಲ್ಲೂ ಆ ಆಯ್ಕೆಗೆ ಟಿಕ್ ಇರಬೇಕು. ಕಾಮನ್ ಕಾರ್ಟ್ರಿಜ್ ಫೈಲ್ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ಒಂದು ಎಲ್‌ಎಂಎಸ್‌ನಿಂದ ಇನ್ನೊಂದಕ್ಕೆ ಪಾಠದ ಸಾಮಗ್ರಿ ಒಯ್ಯಲು ಮಾಡಿದ್ದು. ಯಾರು ಏನು ಬರೆದರು, ಎಷ್ಟು ಅಂಕ ಬಂತು ಅನ್ನುವುದಕ್ಕೆ ಅದರಲ್ಲಿ ಜಾಗವಿಲ್ಲ.

ಇನ್ನೊಂದು ಕಡೆಯೂ ಮೋಸ ಹೋದೆವು. ಹೊಸದನ್ನು ಪರೀಕ್ಷಿಸಿ ನೋಡಿದಾಗ ಕ್ವಿಜ್‌ಗಳ ಚಿತ್ರಗಳೆಲ್ಲ ಚೆನ್ನಾಗಿಯೇ ಕಾಣುತ್ತಿದ್ದವು. ಆದರೆ ಎಷ್ಟೋ ಚಿತ್ರಗಳು ಹೊಸ ಕಡೆಗೆ ಬಂದೇ ಇರಲಿಲ್ಲ, ಹಳೆಯ ಸರ್ವರ್‌ನ ವಿಳಾಸದಿಂದಲೇ ತೆರೆದುಕೊಳ್ಳುತ್ತಿದ್ದವು. ಅದು ನಿಂತ ದಿನ 'ಈ ಚಿತ್ರ ನೋಡಿ ಉತ್ತರಿಸಿ' ಅನ್ನುವ ಪ್ರಶ್ನೆಯ ಕೆಳಗೆ ಖಾಲಿ ಚೌಕ ಉಳಿಯಿತು. ಪರೀಕ್ಷಿಸುವಾಗ ಹಳೆಯ ಸರ್ವರನ್ನು ಒಂದು ಗಂಟೆ ಆಫ್ ಮಾಡಿ ನೋಡಿದ್ದರೆ ಅವತ್ತೇ ಸಿಕ್ಕಿಬೀಳುತ್ತಿತ್ತು. ನೀವು ಖಂಡಿತ ಹಾಗೆ ಮಾಡಿ. ಲೆಕ್ಕದ ಪ್ರಶ್ನೆಗಳನ್ನೂ ಒಂದೊಂದಾಗಿ ತೆರೆದು ನೋಡಿ. ಪ್ರತಿ ವಿದ್ಯಾರ್ಥಿಗೂ ಬೇರೆ ಅಂಕಿ ಕೊಡುವಂಥವು ಬೇರೆ ವ್ಯವಸ್ಥೆಗೆ ಸರಿಯಾಗಿ ಹೋಗುವುದು ಕಡಿಮೆ.

ಹೊಸದನ್ನು ಮಾರುವವರು "ಎಲ್ಲಾ ಮೈಗ್ರೇಟ್ ಆಗುತ್ತೆ" ಅನ್ನುತ್ತಾರೆ. 'ಎಲ್ಲಾ' ಅಂದರೆ ಏನೇನು ಅಂತ ಬರೆಸಿಕೊಳ್ಳಿ. ಸಲ್ಲಿಕೆ, ಅಂಕ, ಕಾಮೆಂಟ್, ಚರ್ಚೆಯ ಉತ್ತರಗಳು, ಒಂದೊಂದನ್ನೂ ಹೆಸರು ಹಿಡಿದು ಕೇಳಿ. ಒಬ್ಬ ವಿದ್ಯಾರ್ಥಿಯ ಲಾಗಿನ್‌ನಲ್ಲೇ ಕೂತು ಹೋದ ವರ್ಷದ ಕೋರ್ಸ್ ತೆರೆದು ನೋಡಿ. ಗ್ರೇಡ್‌ಬುಕ್ಕನ್ನು (ಅಂಕಗಳ ಪಟ್ಟಿ) ಎಕ್ಸೆಲ್‌ಗೆ ಇಳಿಸಿ ಬೇರೆ ಇಡಿ. ಹಳೆಯದನ್ನು ಓದಲು ಮಾತ್ರ ಬಿಟ್ಟು, ಈಗಿರುವ ಬ್ಯಾಚ್‌ಗಳು ಮುಗಿಯುವವರೆಗೂ ನಡೆಸಿ. ಖರ್ಚು ಜಾಸ್ತಿ ಅನ್ನುತ್ತಾರೆ, ಬಿಡಬೇಡಿ.

ಆ ಹುಡುಗಿಯ ಲ್ಯಾಪ್‌ಟಾಪ್‌ನಲ್ಲಿ ಡ್ರಾಫ್ಟ್ ಉಳಿದಿತ್ತು. ಮೇಡಂ ಎರಡು ಸಂಜೆ ಕೂತು ಮತ್ತೆ ಓದಿ, ಮತ್ತೆ ಬರೆದುಕೊಟ್ಟರು. ತಮ್ಮ ಹತ್ತಿರ ಪ್ರತಿ ಇಟ್ಟುಕೊಳ್ಳದ ಮಕ್ಕಳಿಗೆ ನಮ್ಮಿಂದ ಅಷ್ಟೂ ಮಾಡಲಾಗಲಿಲ್ಲ.