ಕನ್ಸರ್ವೇಟರಿಯ ಹಳೇ ಪಾಯದ ಮೇಲೆ ಇಟ್ಟಿಗೆ ಗೋಡೆ ಕಟ್ಟಿಸಬೇಡಿ

ಇಂಗ್ಲೆಂಡಿನಲ್ಲಿ ಹಳೆಯ ಮನೆ ಕೊಂಡ ನಮ್ಮವರಲ್ಲಿ ಹಲವರ ಅಡುಗೆಮನೆಗೆ ಹಿಂದೆ ಕನ್ಸರ್ವೇಟರಿ ಎಂಬ ಒಂದು ಗಾಜಿನ ಕೋಣೆ ಅಂಟಿಕೊಂಡಿರುತ್ತದೆ. ಮೊಣಕಾಲೆತ್ತರದ ಗಿಡ್ಡ ಗೋಡೆ, ಮೇಲೆ ಬಿಳಿ ಪಿವಿಸಿ ಚೌಕಟ್ಟು, ಸೂರಿಗೆ ಪಾಲಿಕಾರ್ಬೊನೇಟ್ ಶೀಟು. ಹಿಂದಿನವರು ಅಲ್ಲಿಗೇ ಸಿಂಕು, ವಾಷಿಂಗ್ ಮಷಿನ್ ತಂದಿಟ್ಟು ಯುಟಿಲಿಟಿ ರೂಮು ಮಾಡಿಕೊಂಡಿರುತ್ತಾರೆ. ಚಳಿಗಾಲದಲ್ಲಿ ಬಟ್ಟೆ ಒಣಗುವುದಿಲ್ಲ, ಬೇಸಿಗೆಯಲ್ಲಿ ಒಳಗೆ ನಿಲ್ಲಲಾಗುವುದಿಲ್ಲ. ಅದನ್ನು ಕೆಡವಿ ಇಟ್ಟಿಗೆಯ ಕೋಣೆ ಕಟ್ಟಿಸಬೇಕೆನ್ನುವುದು ನ್ಯಾಯವಾದ ಆಸೆಯೇ. ಆದರೆ ಕಂಟ್ರಾಕ್ಟರ್ ಬಂದು ಬೂಟುಗಾಲಿನಿಂದ ನೆಲ ಕುಟ್ಟಿ ನೋಡಿ, "ಪಾಯ ಗಟ್ಟಿಯಾಗಿದೆ, ಇದರ ಮೇಲೇ ಗೋಡೆ ಏರಿಸಿದರೆ ನಿಮಗೆ ದುಡ್ಡು ಉಳಿಯುತ್ತೆ" ಎಂದರೆ ಅವನಿಗೆ ಕೆಲಸ ಕೊಡಬೇಡಿ.

ನಮ್ಮ ಕಂಟ್ರಾಕ್ಟರ್ ಅಷ್ಟನ್ನೂ ಬಾಯಿಬಿಟ್ಟು ಹೇಳಲಿಲ್ಲ. ಒಪ್ಪಂದದಲ್ಲಿ ಹೊಸ ಪಾಯ ತೋಡುವುದಾಗಿ, ಕಟ್ಟಡ ನಿಯಮಗಳ ಪಾಲನೆ ನೋಡುವ ಬಿಲ್ಡಿಂಗ್ ಕಂಟ್ರೋಲಿಗೆ ತಾನೇ ನೋಟಿಸ್ ಕೊಡುವುದಾಗಿ ಬರೆದು ಸಹಿ ಹಾಕಿದ್ದ. ನಾವಿಬ್ಬರೂ ಆಫೀಸಿಗೆ ಹೋದ ಹಗಲಲ್ಲಿ ಗಾಜು ಬಿಚ್ಚಿ, ಗಿಡ್ಡ ಗೋಡೆ ಒಡೆದು, ಹಳೇ ಕಾಂಕ್ರೀಟ್ ಹಾಸಿನ ಅಂಚಿಗೆ ಹೊಸ ಕಾಂಕ್ರೀಟ್ ಬಳಿದಿದ್ದರು. ಸಂಜೆ ನೋಡಿದವರಿಗೆ ಕಾಣುತ್ತಿದ್ದದ್ದು ಹಸಿ ಕಾಂಕ್ರೀಟ್ ಮಾತ್ರ. "ಪಾಯ ಆಯ್ತು, ಇನ್ಸ್‌ಪೆಕ್ಟರ್ ಬಂದು ನೋಡಿಕೊಂಡು ಹೋದರು" ಎಂದ. ಮುಂದಿನ ಕಂತು ತೆಗೆದುಕೊಂಡ. ಗೋಡೆ ಎದ್ದಿತು, ಸೂರು ಕೂತಿತು, ನೋಡಲು ಚೆನ್ನಾಗಿಯೇ ಇತ್ತು.

ಮೊದಲ ಬೇಸಿಗೆಯಲ್ಲಿ ಮಳೆ ಕಡಿಮೆ. ಹೊಸ ಗೋಡೆ ಹಳೇ ಮನೆಯನ್ನು ಸೇರುವ ಕಡೆ ಮೊದಲು ಕೂದಲೆಳೆಯಷ್ಟು ಗೀರು ಕಾಣಿಸಿತು. ಗಾರೆ ಒಣಗುವಾಗ ಹಾಗಾಗುತ್ತೆ ಎಂದು ಕಂಟ್ರಾಕ್ಟರ್ ಫೋನಿನಲ್ಲೇ ಸಮಾಧಾನ ಹೇಳಿದ. ಬೇಸಿಗೆ ಮುಗಿಯುವ ಹೊತ್ತಿಗೆ ಕಿಟಕಿಯ ಮೂಲೆಯಿಂದ ನೆಲದವರೆಗೆ, ಇಟ್ಟಿಗೆಗಳ ನಡುವಿನ ಗಾರೆಯನ್ನೇ ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಇಳಿದಿತ್ತು. ಒಂದು ಪೌಂಡಿನ ನಾಣ್ಯ ಅದರೊಳಗೆ ಸಲೀಸಾಗಿ ತೂರುತ್ತಿತ್ತು. ಹಿತ್ತಲ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ಭುಜ ಕೊಟ್ಟು ತಳ್ಳಬೇಕಾಯಿತು.

ಸ್ಥಳೀಯ ಆಡಳಿತವಾದ ಕೌನ್ಸಿಲಿಗೆ ಫೋನ್ ಮಾಡಿದಾಗ ನಮ್ಮ ವಿಳಾಸದಲ್ಲಿ ಒಂದು ನೋಟಿಸೂ ಇಲ್ಲವೆಂದು ತಿಳಿಯಿತು. ಕಂಟ್ರಾಕ್ಟರನ್ನು ಕೇಳಿದರೆ, "ಇಷ್ಟು ಚಿಕ್ಕ ಕೋಣೆಗೆ ಪ್ಲಾನಿಂಗ್ ಪರ್ಮಿಷನ್ ಬೇಡವಲ್ಲ" ಎಂದ. ಇದು ಇಲ್ಲಿ ಬಹಳ ಕಡೆ ಕೇಳಿಬರುವ ಮೋಸದ ಮಾತು. ಮನೆಯ ಹಿಂಬದಿಗೆ ಒಂದಂತಸ್ತಿನ ಕೋಣೆ, ಬಿಡಿಮನೆಯಾದರೆ 4 ಮೀಟರ್, ಜೋಡಿಮನೆಯಾದರೆ 3 ಮೀಟರಿನವರೆಗೆ ಚಾಚಿದರೆ, ಎತ್ತರ ಮುಂತಾದ ಉಳಿದ ಷರತ್ತುಗಳಿಗೂ ಒಳಪಟ್ಟರೆ, ಸಾಮಾನ್ಯವಾಗಿ ಪ್ಲಾನಿಂಗ್ ಅರ್ಜಿ ಬೇಡ, ನಿಜ. ಬಿಲ್ಡಿಂಗ್ ರೆಗ್ಯುಲೇಷನ್ಸ್, ಅಂದರೆ ಕಟ್ಟಡ ಗಟ್ಟಿಯಾಗಿ, ಸುರಕ್ಷಿತವಾಗಿ ಇರಬೇಕೆನ್ನುವ ನಿಯಮಗಳು, ಬೇರೆಯೇ ವಿಷಯ, ಅದರ ಒಪ್ಪಿಗೆ ಬೇಕೇ ಬೇಕು.

ಇನ್ಸ್‌ಪೆಕ್ಟರ್ ಬಂದು ಗೋಡೆಯ ಬುಡದಲ್ಲಿ ಗುಂಡಿ ತೋಡಿಸಿದರು. ಒಂದು ಗೇಣು ಇಳಿಯುವಷ್ಟರಲ್ಲಿ ಕಾಂಕ್ರೀಟ್ ಮುಗಿದು, ಸಲಿಕೆಗೆ ಅಂಟುವ ಹಳದಿ ಜೇಡಿಮಣ್ಣು ಬಂತು. ಅವರು ಕಾಂಕ್ರೀಟಿನ ಅಡಿಗೆ ಟೇಪು ತೂರಿಸಿ ಫೋಟೋ ತೆಗೆದುಕೊಂಡರು.

ನೆಲಮಟ್ಟದಲ್ಲಿದ್ದು, 30 ಚದರ ಮೀಟರಿಗಿಂತ ಚಿಕ್ಕದಾಗಿ, ಮನೆಗೂ ಅದಕ್ಕೂ ನಡುವೆ ಹೊರಬಾಗಿಲು ಇರುವ ಕನ್ಸರ್ವೇಟರಿಗೆ ಸಾಮಾನ್ಯವಾಗಿ ಬಿಲ್ಡಿಂಗ್ ರೆಗ್ಯುಲೇಷನ್ಸಿನಿಂದ ವಿನಾಯಿತಿ ಇದೆ. ಎಂದರೆ ಅದರ ಪಾಯವನ್ನು ಕಟ್ಟುವಾಗ ಯಾರೂ ಪರೀಕ್ಷಿಸಿರುವುದಿಲ್ಲ. ಗಾಜು, ಪ್ಲಾಸ್ಟಿಕ್ಕಿನ ಹಗುರ ಭಾರಕ್ಕೆ ಅದು ಸಾಕು. ಇಟ್ಟಿಗೆಗೆ ಸಾಲದು. ಒಂದು ಚದರ ಮೀಟರ್ ಗೋಡೆಗೆ ಸುಮಾರು 60 ಇಟ್ಟಿಗೆ ಬೇಕು. ಒಳಗಿನ ಬ್ಲಾಕು, ಗಾರೆ ಸೇರಿದರೆ ಆ ಒಂದೇ ಚದರ ಮೀಟರ್ 250 ಕಿಲೋ ದಾಟುತ್ತದೆ, ಅದರ ಮೇಲೆ ಸೂರಿನ ಭಾರ ಬೇರೆ. ಜೇಡಿಮಣ್ಣು ಬೇಸಿಗೆಯಲ್ಲಿ ಕುಗ್ಗಿ ಮಳೆಗೆ ನೆನೆದಾಗ ಉಬ್ಬುತ್ತದೆ, ಆಳಕ್ಕೆ ಹೋದಷ್ಟೂ ಈ ಆಟ ಕಡಿಮೆ. ಅದಕ್ಕೇ ಇಂಥ ಮಣ್ಣಿನಲ್ಲಿ ಪಾಯ ಸುಮಾರು ಒಂದು ಮೀಟರ್ ಇಳಿಯಬೇಕು, ಹತ್ತಿರದಲ್ಲಿ ಓಕ್ ಅಥವಾ ವಿಲೋ ಮರವಿದ್ದರೆ ಇನ್ನೂ ಆಳಕ್ಕೆ. ನಮ್ಮ ಮನೆ ಆಳದ ಪಾಯದ ಮೇಲೆ ಅಲುಗದೆ ನಿಂತಿತ್ತು, ಹೊಸ ಗೋಡೆ ಕೆಳಗೆ ಕೂತಿತು. ಬಿರುಕು ಬಿಡದೆ ಇನ್ನೇನಾಗುತ್ತದೆ?

ಗೋಡೆ ಪೂರ್ತಿ ಇಳಿಸಬೇಕಾಯಿತು. ಅದೂ ಕಡ್ಡಾಯವೇ: ನಿಯಮ ಮೀರಿ ಕಟ್ಟಿದ್ದನ್ನು ಕೆಡವಿ ಎಂದೋ ಸರಿಪಡಿಸಿ ಎಂದೋ 1984ರ ಬಿಲ್ಡಿಂಗ್ ಆಕ್ಟ್ ಪ್ರಕಾರ ಕೌನ್ಸಿಲ್ ನೋಟಿಸ್ ಕೊಡುವುದು ಮನೆಯ ಮಾಲೀಕರಿಗೆ. ಕೆಲಸ ಮುಗಿದ ಮೇಲೆ ಆ ನೋಟಿಸ್ ಕೊಡಬಹುದಾದ ಅವಧಿ ಮೊದಲು 12 ತಿಂಗಳಿತ್ತು, 2023ರ ಅಕ್ಟೋಬರಿನಿಂದ 10 ವರ್ಷ. ಕಂಟ್ರಾಕ್ಟರ್ ಅಷ್ಟರಲ್ಲಿ ಫೋನ್ ಎತ್ತುವುದನ್ನೇ ಬಿಟ್ಟಿದ್ದ.

ಎರಡನೇ ಸಲ ಬಂದ ಬಿಲ್ಡರ್ ತೋಡುವ ಮೊದಲು ಎರಡು ವಿಷಯ ಕೇಳಿದರು, ಮೊದಲನೆಯವನು ಕೇಳಿಯೇ ಇರಲಿಲ್ಲ. ಪಕ್ಕದ ಮನೆಯಿಂದ 3 ಮೀಟರಿನೊಳಗೆ ಅವರ ಪಾಯಕ್ಕಿಂತ ಆಳ ತೋಡುವುದಾದರೆ 1996ರ ಪಾರ್ಟಿ ವಾಲ್ ಆಕ್ಟ್ ಪ್ರಕಾರ ಒಂದು ತಿಂಗಳು ಮುಂಚೆ ಅವರಿಗೆ ನೋಟಿಸ್ ಹೋಗಬೇಕು. ಪಕ್ಕದ ಅಜ್ಜಿ ಓದಿ ಸಹಿ ಹಾಕಿಕೊಟ್ಟರು. ಇನ್ನೊಂದು, ಹಿತ್ತಲಲ್ಲಿ ಹಾದುಹೋಗುವ ಒಳಚರಂಡಿ. ಪಕ್ಕದವರ ಜೊತೆ ಹಂಚಿಕೊಂಡ ಪೈಪುಗಳಲ್ಲಿ ಹೆಚ್ಚಿನವು 2011ರಿಂದ ನೀರಿನ ಕಂಪನಿಯ ಪಾಲು. ಅದರ ಮೇಲೆ ಅಥವಾ 3 ಮೀಟರಿನೊಳಗೆ ಕಟ್ಟಲು ಅವರ ಒಪ್ಪಿಗೆ ಬೇಕು.

ನೀವು ಕಟ್ಟಿಸುವವರಿದ್ದರೆ ಬಿಲ್ಡಿಂಗ್ ಕಂಟ್ರೋಲ್ ಅರ್ಜಿಯನ್ನು ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲಿನಿಂದ ನೀವೇ ಹಾಕಿ. ಗುಂಡಿ ತೆರೆದಿರುವಾಗ, ಕಾಂಕ್ರೀಟ್ ಸುರಿಯುವ ಮೊದಲು ಇನ್ಸ್‌ಪೆಕ್ಟರ್ ಬರುವ ದಿನ ರಜೆ ಹಾಕಿ ಮನೆಯಲ್ಲಿರಿ. ಅವರ ವರದಿ ನಿಮ್ಮ ಕೈಗೆ ಬರುವತನಕ ಪಾಯದ ಕಂತು ಕೊಡಬೇಡಿ, ಕೆಲಸ ನಿಯಮದಂತೆ ಮುಗಿದಿದೆ ಎನ್ನುವ ಕಂಪ್ಲೀಷನ್ ಸರ್ಟಿಫಿಕೇಟ್ ಬರುವತನಕ ಕೊನೆಯ ಕಂತು ಕೊಡಬೇಡಿ. ನಾಳೆ ಮನೆ ಮಾರುವಾಗ ಕೊಳ್ಳುವವರ ವಕೀಲರು (ಸಾಲಿಸಿಟರ್) ಆ ಸರ್ಟಿಫಿಕೇಟನ್ನು ಕೇಳುತ್ತಾರೆ. ಈಗಾಗಲೇ ಹೀಗೆ ಸಿಕ್ಕಿಬಿದ್ದವರು ಒಪ್ಪಂದ, ಫೋಟೋ, ಮೆಸೇಜು, ಬ್ಯಾಂಕಿನ ದಾಖಲೆ ಒಂದನ್ನೂ ಅಳಿಸಬೇಡಿ. 10,000 ಪೌಂಡಿನವರೆಗಿನ ದಾವೆಗೆ ಸ್ಮಾಲ್ ಕ್ಲೇಮ್ಸ್ ಎಂಬ ಸರಳ ಕೋರ್ಟು ದಾರಿಯಿದೆ, ವಕೀಲರಿಲ್ಲದೆಯೂ ಹೋಗಬಹುದು. ನಮ್ಮ ದಾವೆ ಇನ್ನೂ ನಡೆಯುತ್ತಿದೆ.